ಮೂರನೆಯ ಗುಟುಕು

ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಾಗ ಮೇಜಿನ ನಡುವೆ ಬೆಳ್ಳಿ ತಟ್ಟೆ ಇತ್ತು. ತಟ್ಟೆಯಲ್ಲಿದ್ದ ಉಂಗುರ ಇರಲಿಲ್ಲ.

"ಎಲ್ಲಿ? ನನ್ನುಂಗ್ರ ಎಲ್ಲಿ?" ಮರದ ಕಂಟ್ರಾಕ್ಟರ್ ಬೋರಯ್ಯನವರು ಕುರ್ಚಿ ಹಿಂದಕ್ಕೆ ಒದ್ದು ಎದ್ದರು.

ಮೇಜಿನ ಸುತ್ತ ನಾವು ನಾಲ್ವರು. ನಾಲ್ವರಿಗೂ ಕಣ್ಣು ಕಟ್ಟಿತ್ತು. ಕೂಗು ಕೇಳಿ ಬಂದು ಬಾಗಿಲಲ್ಲಿ ಖಾಲಿ ಟ್ರೇ ಹಿಡಿದು ನಿಂತವನು ಅವರ ಹೊಳೆದಂಡೆಯ ಬಂಗಲೆಯ ಆಳು ಕಲ್ಲಯ್ಯ. ಆ ಕೋಣೆಗೆ ಕಣ್ಣು ಬಿಟ್ಟುಕೊಂಡು ಬಂದು ಹೋದವನು ಅವನೊಬ್ಬನೇ. ಎಲ್ಲರೂ ಅವನತ್ತ ತಿರುಗಿದೆವು. ನಾನೂ ತಿರುಗಿದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಆಟ ಬೋರಯ್ಯನವರದೇ. ಇಂಗ್ಲಿಷ್ ದೊರೆಗಳ ಸಹವಾಸದಲ್ಲಿ ವೈನಿನ ರುಚಿ ಕಲಿತಿದ್ದರು. ಆ ಮಧ್ಯಾಹ್ನ ಮೈಸೂರಿನಿಂದ ವೈನು ಅಂಗಡಿಯ ಪೆರೇರಾ ಮೂರು ಬಗೆಯ ಕೆಂಪು ವೈನು ಹೊತ್ತು ರೈಲಿನಲ್ಲಿ ನಂಜನಗೂಡಿಗೆ ಬಂದಿದ್ದ: ಪೋರ್ಟು, ಕ್ಲಾರೆಟ್ಟು, ಬರ್ಗಂಡಿ. ಅವನು ಹಿಂದಿನ ಜಗುಲಿಯಲ್ಲಿ ಕೂತು, ಯಾವುದಾದರೂ ಎರಡನ್ನು ಬೆರೆಸಿ ಕಳಿಸಬೇಕು. ಕಣ್ಣು ಕಟ್ಟಿಕೊಂಡ ನಾವು ಯಾವ ಎರಡು ಎಂದು ಹೇಳಬೇಕು. ಮೂರು ಸುತ್ತು. ಮೂರೂ ಸರಿ ಹೇಳಿದವರಿಗೆ ಬೋರಯ್ಯನವರ ಕೆಂಪು ಹರಳಿನ ಉಂಗುರ.

"ಯಾವನ್ ಗೆಲ್ತಾನೋ ನೋಡೇಬುಡ್ತೀನಿ" ಎಂದು ಮೀಸೆ ತಿರುವಿ ಉಂಗುರ ಕಳಚಿ ತಟ್ಟೆಗೆ ಹಾಕಿದ್ದರು.

ಪಂದ್ಯಕ್ಕೆ ಕೂತವರು ಬೋರಯ್ಯ, ಹೆಮ್ಮಿಗೆಯ ಜಮೀನ್ದಾರ ಚಿಕ್ಕಸ್ವಾಮಿ, ಪಿಂಚಣಿ ಪಡೆದ ಇನ್‌ಸ್ಪೆಕ್ಟರ್ ರಂಗನಾಯಕರು, ಮತ್ತು ಈ ಊರಿನ ನಾಟಿ ಪಂಡಿತನಾದ ನಾನು. ದ್ರಾಕ್ಷಾರಿಷ್ಟ ಮಾಡುವವನ ನಾಲಿಗೆ ಚುರುಕಾಗಿರುತ್ತದೆಂದು ನನ್ನನ್ನು ಕರೆದಿದ್ದರು. ನನಗೆ ಎಲ್ಲ ಗ್ಲಾಸೂ ದ್ರಾಕ್ಷಾರಿಷ್ಟದಂತೆಯೇ ಇತ್ತು.

ರುಚಿ ನೋಡಿ ಉಗುಳುವುದು ವಿಲಾಯಿತಿ ಪದ್ಧತಿ ಎಂದು ಪೆರೇರಾ ಹೇಳಿದ್ದರಿಂದ ಪ್ರತಿ ಕುರ್ಚಿಯ ಬದಿಯಲ್ಲೂ ತೊಳೆದ ಹಿತ್ತಾಳೆ ಪೀಕದಾನಿ ಇಟ್ಟಿದ್ದರು. ಮೊದಲ ಸುತ್ತಿನಲ್ಲಿ ನಾನು ಉಗುಳಿದಾಗ ಬೋರಯ್ಯನವರು ನಕ್ಕರು.

"ಉಗಿಯಾಕೆ ಇದೇನ್ ನಿಮ್ ಕಷಾಯವಾ ಪಂಡಿತ್ರೇ? ನಾ ಒಂದ್ ತೊಟ್ಟೂ ಬುಡಾಕಿಲ್ಲ!"

ಮೊದಲ ಸುತ್ತು ಚಿಕ್ಕಸ್ವಾಮಿ ಸರಿ. ಎರಡನೆಯದೂ ಅವರೇ ಸರಿ. ಆಮೇಲೆ ಯಾರೂ ನಗಲಿಲ್ಲ. ಕಲ್ಲಯ್ಯ ಮೂರನೆಯ ಗ್ಲಾಸು ಕೈಗಿಟ್ಟು ಹೊರಟ. ನಾಲ್ವರೂ ಗುಟುಕರಿಸಿದೆವು, ನಾಲ್ವರೂ ಉಗುಳಿದೆವು. ಯಾರೋ ಜೋರಾಗಿ ಕೆಮ್ಮಿದರು. ಉತ್ತರ ಹೇಳಲೆಂದು ಬಟ್ಟೆ ಬಿಚ್ಚಿದೆವು—ತಟ್ಟೆ ಬರಿದು.

ಕಲ್ಲಯ್ಯನ ರುಮಾಲು ಬಿಚ್ಚಿಸಿದರು. ನಡುವಿನ ಚೀಲ ಕೊಡವಿಸಿದರು. ನಮ್ಮ ಜೇಬುಗಳನ್ನೂ ನಾವೇ ತಿರುವಿ ತೋರಿಸಿದೆವು. ಚಾಪೆ ಎತ್ತಿದರು, ಅಡುಗೆಮನೆಯ ಮಡಕೆ ಕವುಚಿದರು, ಸೀಸೆಗಳನ್ನು ಬೆಳಕಿಗೆ ಹಿಡಿದರು. ಎಲ್ಲೂ ಇಲ್ಲ!

ಬೋರಯ್ಯನವರು ನಮ್ಮ ಕಣ್ಣಿಗೆ ಕಟ್ಟಿದ್ದ ಬಟ್ಟೆಗಳಿಂದಲೇ ಕಲ್ಲಯ್ಯನನ್ನು ಜಗುಲಿಯ ಕಂಬಕ್ಕೆ ಬಿಗಿದರು. ಠಾಣೆಗೆ ಇನ್ನೊಬ್ಬ ಆಳು ಓಡಿದ.

"ನುಂಗವ್ನೆ ಕಳ್ಳನನ್ಮಗ! ಪಂಡಿತ್ರೇ, ಅರಳೆಣ್ಣೆ ತರ್ಸಿ!"

ಕಲ್ಲಯ್ಯನ ಹೆಂಡತಿ ಜವರಮ್ಮ ರಂಗನಾಯಕರ ಕಾಲ ಬಳಿ ಕುಸಿದಳು. "ಬುದ್ದೀ, ಈ ಬಂಗ್ಲೆ ಬುಟ್ರೆ ನಮಗ್ ಸೂರಿಲ್ಲ. ಠಾಣೆ ಮೆಟ್ಲು ಅತ್ತುದ್ಮೇಲೆ ಇವನ್ನ ಯಾರ್ ಮನೆ ಒಳೀಕ್ ಸೇರುಸ್ತಾರೆ?"

ರಂಗನಾಯಕರು ಅವಳನ್ನು ಎಬ್ಬಿಸಿದರು. ಕಂಬದ ಹತ್ತಿರ ಹೋದರು.

"ಮೂರನೇ ಗ್ಲಾಸು ಕೊಡುವಾಗ ಉಂಗುರ ಇತ್ತೇನಯ್ಯಾ?"

"ಇತ್ತು ಬುದ್ದಿ. ಕಣ್ಣಾರ ನೋಡ್ದೆ."

"ಆಮೇಲೆ?"

"ಇಂದ್ಲ ಜಗ್ಲೀಗೋದೆ. ಇವ್ರು ಕೂಗುದ್ಮೇಲೇ ಬಂದುದ್ದು."

"ಪೆರೇರಾ, ಇವನು ನಿಮ್ಮ ಹತ್ತಿರ ಇದ್ದನೇ?"

"ಇದ್ದ ಸಾರ್. ಆದ್ರೆ ಬರೋ ಮುಂಚೆ ತಗೊಂಡಿದ್ರೆ ನಂಗೇನು ಗೊತ್ತು?"

ರಂಗನಾಯಕರು ಒಳಗೆ ನಡೆದರು, ನಾನು ಹಿಂಬಾಲಿಸಿದೆ. ಪೊಲೀಸರು ಬಂದರೆ ಮುಗಿಯಿತು. ಬಡವನ ಮಾತು ಠಾಣೆಯ ಬಾಗಿಲು ದಾಟಿ ಈಚೆ ಬರುವುದಿಲ್ಲ.

ಒಳಗೆ ಬಂದಾಗ ಬೋರಯ್ಯನವರು ಎಲೆಅಡಿಕೆ ಹಾಕಿಕೊಂಡು ಪೀಕದಾನಿಗೆ ಉಗಿಯುತ್ತಿದ್ದರು. ನಮ್ಮನ್ನು ಕಂಡು ಅದನ್ನು ಕೈಗೆತ್ತಿಕೊಂಡರು.

"ತುಂಬೋಗೈತೆ. ಕಲ್ಲಯ್ಯನ್ನ ಕಟ್ಟಾಕಿದ್ದೀವಲ್ಲ, ನಾನೇ ಒಳೆ ತಾವ ಚೆಲ್ಬುಟ್ ಬತ್ತೀನಿ."

"ಕೂತ್ಕೊಳ್ಳಿ ಬೋರಯ್ಯನೋರೇ."

"ಯಾಕ್ ಸಾ?"

"ಕೂತ್ಕೊಳ್ಳಿ."

ರಂಗನಾಯಕರು ನನ್ನ ಕಡೆ ತಿರುಗಿದರು. "ಪಂಡಿತರೇ, ನಮ್ಮ ಕಣ್ಣು ಕಟ್ಟಿದ್ರು. ಕಿವಿ ಕಟ್ಟಿದ್ರಾ?"

"ಇಲ್ಲ."

"ಮೊದಲ ಎರಡು ಸುತ್ತಿನಲ್ಲಿ ಉಗುಳಿದವರು ಯಾರ್‍ಯಾರು?"

"ನಾನು, ನೀವು, ಚಿಕ್ಕಸ್ವಾಮಿಗಳು. ಬೋರಯ್ಯನವರು ನುಂಗಿದರು, ನಮ್ಮನ್ನು ಆಡಿಕೊಂಡರು."

"ಮೂರನೇ ಸುತ್ತಿನಲ್ಲಿ?"

"ನಾಲ್ವರೂ ಉಗುಳಿದೆವು!"

"ಒಂದು ತೊಟ್ಟೂ ಬಿಡದವರು ಆ ಗುಟುಕನ್ನು ಯಾಕೆ ಚೆಲ್ಲಿದರು? ಚೆಲ್ಲುವಾಗ ಯಾಕೆ ಅಷ್ಟು ಜೋರಾಗಿ ಕೆಮ್ಮಿದರು? ತಟ್ಟೆಯಿಂದ ತಡವಿ ತೆಗೆದ ಉಂಗುರ ಗುಟುಕಿನ ಜೊತೆ ಪೀಕದಾನಿಗೆ ಬಿತ್ತು. ಹಿತ್ತಾಳೆಯ ಮೇಲೆ ಚಿನ್ನ ಬಿದ್ದರೆ ಸದ್ದಾಗುತ್ತೆ, ಅದಕ್ಕೆ."

"ಸಾ!" ಬೋರಯ್ಯನವರ ದನಿ ಸೀಳಿತು. "ನನ್ನುಂಗ್ರ ನಾನೇ ಯಾಕ್ ಕದೀಲಿ?"

"ತಟ್ಟೆಗೆ ಹಾಕಿದ ಮೇಲೆ ಅದು ನಿಮ್ಮದಾಗಿ ಉಳೀಲಿಲ್ಲ. ಚಿಕ್ಕಸ್ವಾಮಿಗಳು ಎರಡು ಸುತ್ತು ಗೆದ್ದಿದ್ದರು. ಇಷ್ಟಾದರೂ ನನಗೆ ಗ್ಯಾರಂಟಿ ಇರಲಿಲ್ಲ. ಮನೆ ತುಂಬ ಹುಡುಕಿದೆವು, ನಾಲ್ಕು ಪೀಕದಾನಿ ಮಾತ್ರ ಬಿಟ್ಟೆವು. ಇನ್ನೊಬ್ಬರ ಎಂಜಲಿಗೆ ಕೈ ಹಾಕುವವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಕೆಳಗೆ ಬಿದ್ದ ಶಲ್ಯ ಎತ್ತಿಕೊಳ್ಳೋಕೂ ಆಳು ಕೂಗುವ ಮನುಷ್ಯ, ತನ್ನ ಎಂಜಲು ತಾನೇ ಹೊತ್ತು ಹೊಳೆಗೆ ಹೊರಟ! ಅಲ್ಲಿಗೆ ಸಿಕ್ಕಿಬಿದ್ರಿ ನೀವು."

ಬೋರಯ್ಯನವರು ಪೀಕದಾನಿಯನ್ನು ಮೇಜಿನ ಮೇಲೆ ಇಳಿಸಿದರು.

"ನಿಮ್ಮ ಎಂಜಲು, ನಿಮ್ಮ ಕೈ. ಹಾಕಿ" ಎಂದರು ರಂಗನಾಯಕರು.

ಬೋರಯ್ಯನವರು ಕಣ್ಣು ಮುಚ್ಚಿ ಮಣಿಕಟ್ಟಿನವರೆಗೆ ಕೈ ಇಳಿಸಿದರು. ಕೈ ಮೇಲೆ ಬಂದಾಗ ಬೆರಳುಗಳ ನಡುವೆ ಉಂಗುರವಿತ್ತು. ಹರಳು ಯಾವುದು, ಉಗುಳು ಯಾವುದು ಗೊತ್ತಾಗದಷ್ಟು ಕೆಂಪು.

"ಮಾವ ಧಾರೆ ದಿನ ಇಕ್ಕಿದ್ ಉಂಗ್ರ" ಎಂದು ಗೊಣಗಿದರು. "ಜಂಬಕ್ಕೆ ಪಣ ಇಕ್ಬುಟ್ಟೆ. ನಮ್ಮೆಂಡ್ರು ವಿಶಾಲಮ್ಮಂಗೆ ಏನೇಳ್ಲಿ?"

"ಕೇಳಿದ್ರೆ ಚಿಕ್ಕಸ್ವಾಮಿಗಳು ನಕ್ಕು ವಾಪಸ್ ಕೊಡ್ತಿದ್ರು."

"ನಗ್ತಿದ್ರಲ್ಲಾ ಸಾ... ಅದ್ಕೇಯ."

ಒಂದು ನಗೆ ತಪ್ಪಿಸಿಕೊಳ್ಳಲು ಒಂದು ಸಂಸಾರವನ್ನೇ ಬೀದಿಗೆ ನೂಕಲು ಹೊರಟಿದ್ದ ಮನುಷ್ಯ! ಅವರಿಗೇ ಹರಳೆಣ್ಣೆ ಕುಡಿಸಬೇಕೆನ್ನುವಷ್ಟು ಸಿಟ್ಟು ಬಂತು ನನಗೆ.

ಚಿಕ್ಕಸ್ವಾಮಿ ನಗಲಿಲ್ಲ. "ಪೆರೇರಾ, ಮೂರ್ನೇದು ಪೋರ್ಟು, ಬರ್ಗಂಡಿ. ಸರಿಯಾ?"

"ಸರಿ ಸಾರ್."

"ಗೆದ್ದೆ. ಆದ್ರೆ ಎಂಜಲುಂಗ್ರ ನಂಗ್ ಬ್ಯಾಡ ಬೋರಯ್ಯ. ಮಡಿಕ್ಕೊ." ಅವರು ಗಾಡಿ ಕಟ್ಟಲು ಹೇಳಿ ಹೊರಟೇಬಿಟ್ಟರು.

ಪೊಲೀಸರು ಬಂದರೆ ವಾಪಸ್ ಕಳಿಸಲು ರಂಗನಾಯಕರು ಗೇಟಿನತ್ತ ಹೋದರು. ನಾನು ಕಲ್ಲಯ್ಯನ ಕಟ್ಟು ಬಿಚ್ಚಿದೆ. ಮಣಿಕಟ್ಟಿನಲ್ಲಿ ಬಟ್ಟೆಯ ಗುರುತು ಕೆಂಪಗೆ ಎದ್ದಿತ್ತು. ಜವರಮ್ಮ ಅದನ್ನು ಸೆರಗಿನಿಂದ ಉಜ್ಜುತ್ತ ನಿಂತಳು.

ಬೋರಯ್ಯನವರು ತೊಟ್ಟಿಕ್ಕುವ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ಜಗುಲಿಗೆ ಬಂದರು. ಅಭ್ಯಾಸಬಲ. ಅತ್ತ ಇತ್ತ ನೋಡಿ ಕೂಗಿದರು:

"ಕಲ್ಲಯ್ಯಾ, ಕೈಗ್ ನೀರ್ ಉಯ್ಯೋ."

ಕಲ್ಲಯ್ಯ ಅವರ ಕೈ ನೋಡಿದ. ತನ್ನ ಕೈಯನ್ನೂ ನೋಡಿಕೊಂಡ.

"ಚೊಂಬು ಅಲ್ಲೈತೆ ಬುದ್ದಿ" ಎಂದ. "ನೀವೇ ಉಯ್ಕಳಿ."