ಬಿಳಿ ಹೊಟ್ಟೆಯ ಹವಳದ ಹಾವು

ಜುಲೈ 9, ಮಂಗಳವಾರ ಬೆಳಿಗ್ಗೆ 9.20ಕ್ಕೆ ಮಧ್ವೇಶ ಕಟ್ಟಿ ಎಂಬಾತ ಯೆರವಡಾದ ಪೊಲೀಸ್ ಠಾಣೆಗೆ ಒಂದು ಪ್ಲಾಸ್ಟಿಕ್ ಡಬ್ಬಿ ತಂದ. ಒಳಗೆ ಪೆನ್ಸಿಲಿಗಿಂತ ತೆಳ್ಳಗಿನ ಸತ್ತ ಹಾವು, ಕುತ್ತಿಗೆ ಜಜ್ಜಿತ್ತು. ಹಾವು ಹಿಡಿಯುವ ಅವಧೂತ ಎಂಬಾತ ಹಿಂದಿನ ಸಂಜೆ ಕೇರೆಹಾವು ಹಿಡಿಯಲು ತಮ್ಮ ಕಟ್ಟಡಕ್ಕೆ ಬಂದವನು ಈ ವಿಷದ ಹಾವನ್ನು ಬೇಕೆಂದೇ ಮೆಟ್ಟಿಲ ಬಳಿ ಬಿಟ್ಟು ಹೋದ, ಬೆಳಿಗ್ಗೆ ಏಳಕ್ಕೆ ತಾನು ಅದನ್ನು ಕೊಂದೆ ಎಂಬುದು ದೂರು.

10.45ಕ್ಕೆ ಇನ್‌ಸ್ಪೆಕ್ಟರ್ ನೀಲಿಮಾ ದೇಸಾಯಿ ಸ್ಥಳದ ಪಂಚನಾಮೆ ಮಾಡಿದರು. ಮೆಟ್ಟಿಲ ಮೇಲೆ ರಕ್ತದ ಕಲೆ ಇರಲಿಲ್ಲ. ಮಧ್ಯಾಹ್ನ ಅವಧೂತನನ್ನು ಕರೆಸಿ, ಅರಣ್ಯ ಇಲಾಖೆ ಕೊಟ್ಟ ಗುರುತಿನ ಚೀಟಿ ತೆಗೆದುಕೊಂಡರು. FIR ಆದರೆ ಅದು ರದ್ದು.

“ಬಿಡಾಂವನೂ ನೀನ, ಹಿಡಿಯಾಂವನೂ ನೀನ. ಛಲೋ ಧಂಧೆ!” ಎಂದ ಕಾನ್‌ಸ್ಟೇಬಲ್ ಶಿವಪ್ಪ.

“ಹನ್ನೆರಡು ವರ್ಷದಾಗ ಇದನ್ನ ಎರಡ ಸಲ ನೋಡೀನ್ರಿ. ಸಿಕ್ಕಿದ್ರ ಒಂದ ಫೋಟೋನೂ ತಗೀದ ಬಿಡ್ತಿದ್ನೇನ್ರಿ?”

ಮೂರು ಗಂಟೆಗೆ ಪ್ರಾಣಿಶಾಸ್ತ್ರಜ್ಞೆ ಅನುಜಾ ಹಾವನ್ನು ಮಸೂರದಡಿ ಇಟ್ಟು ಸೂಜಿಯಿಂದ ಹುರುಪೆ ಎಣಿಸಿದರು.

“ಹದಿಮೂರು ಸಾಲು. ತಲಿ ಕರೀದು, ಬಾಲಕ್ಕ ಎರಡು ಕರೀ ಉಂಗುರ. ಹವಳದ ಹಾವ, ಸಂಶಯ ಇಲ್ಲ.”

“ಅಂದ್ರ ದೂರು ಖರೇ?” ನೀಲಿಮಾ ಕೇಳಿದರು.

ಅನುಜಾ ಹಾವನ್ನು ಮಗುಚಿದರು. ಹೊಟ್ಟೆ ಕಾಗದದಂತೆ ಬಿಳುಪಾಗಿತ್ತು. “ಇಲ್ಲಿ ಹವಳದ ಕೆಂಪು ಇರಬೇಕ್ರಿ. ಒಂದ ದಿನಕ್ಕ ಅದು ಹೋಗೂದಿಲ್ಲ. ಸ್ಪಿರಿಟಿನಾಗ ವರ್ಷಗಟ್ಟಲೆ ಇಟ್ರ ಹೋಗ್ತದ. ಸತ್ತ ಹಾವನ್ನ ಜಜ್ಜ್ಯಾರ.”

ನೀಲಿಮಾ ದೂರಿನ ಪ್ರತಿ ತೆರೆದರು. ಉದ್ಯೋಗ: ಪ್ರಯೋಗಾಲಯ ಸಹಾಯಕ, ಶಿರೂರಿನ ಕಾಲೇಜು.

5.40ಕ್ಕೆ ಶಿವಪ್ಪ ಶಿರೂರಿನಿಂದ ಫೋನ್ ಮಾಡಿದ. “ಬಾಟ್ಲಿ ಅದ, ಮ್ಯಾಲ ‘ಹವಳದ ಹಾವು’ ಅಂತ ಚೀಟಿ ಅದ, ಸ್ಪಿರಿಟ್ ಅದ. ಹಾವ ಇಲ್ರಿ. ಕಪಾಟಿನ ಕೀಲಿ ಮಧ್ವೇಶನ ಕಡೇನ ಇರ್ತದಂತ.”

7.30ಕ್ಕೆ ಕಳವು ಮತ್ತು ಸುಳ್ಳು ದೂರಿನ ಆರೋಪದ ಮೇಲೆ ಮಧ್ವೇಶನ ಬಂಧನವಾಯಿತು. ಅವನು ಕೇಳಿದ್ದು ಒಂದೇ: “ಹೊಟ್ಟಿ ಕೆಂಪ ಇರ್ತದೇನ್ರಿ? ಹದಿನೆಂಟು ವರ್ಷ ಬಾಟ್ಲಿಯೊಳಗ ಬಿಳೀದ ನೋಡೀನಿ.”

ಆಮೇಲೆ ತನ್ನ ಮೊಬೈಲ್ ಕೊಟ್ಟ. ಎರಡು ವರ್ಷದ ಹಿಂದೆ ಹೆಂಡತಿ ಇಂದೂಗೆ ಕಚ್ಚಿದ ಹಾವಿನ ಫೋಟೋವನ್ನು ಅವನು ಅವಧೂತನಿಗೆ ಕಳಿಸಿದ್ದ. ಉತ್ತರ ಇನ್ನೂ ಅಲ್ಲೇ ಇತ್ತು: ‘ವಿಷ ಇಲ್ಲ, ಹೆದರಬ್ಯಾಡ್ರಿ.’ ಅದನ್ನು ನಂಬಿದ್ದರಿಂದ ಆಸ್ಪತ್ರೆಗೆ ಹೋಗುವಾಗ ನಾಲ್ಕು ಗಂಟೆ ತಡವಾಗಿತ್ತು. ಇಂದೂ ಉಳಿಯಲಿಲ್ಲ.

ಗುರುತಿನ ಚೀಟಿ ಮರಳಿಸುವ ಮುನ್ನ ನೀಲಿಮಾ ಆ ಫೋಟೋವನ್ನು ಅವಧೂತನ ಮುಂದಿಟ್ಟರು. ಅವನು ಅದನ್ನು ಬೆರಳಿನಿಂದ ಹಿಗ್ಗಿಸಿದ.

“ಬೆನ್ನ ನಡುವಿನ ಹುರುಪೆ ದೊಡ್ಡವು ಅದಾವ್ರಿ. ಕಟ್ಟುಹಾವು, ಭಾಳ ವಿಷದ್ದು,” ಎಂದ. “ಆವತ್ತು ಹಿಗ್ಗಿಸಿ ನೋಡ್ಲಿಲ್ಲ.”

ಚೀಟಿಯನ್ನು ಮೇಜಿನ ಮೇಲೆಯೇ ಬಿಟ್ಟು ಅವನು ಎದ್ದು ಹೋದ.