ನೂರಕ್ಕೆ ಮೂರು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ರಾಮನಗುಳಿಯ ಕಮಲಿ ಅಂಕೋಲಾ ಠಾಣೆಯ ಮೆಟ್ಟಿಲು ಹತ್ತಿದಳು. ಮಗಳು ಸುಮಿತಾಳ ನರ್ಸಿಂಗ್ ಓದಿಗೆಂದು ಕೂಲಿ ಮಾಡಿ ಉಳಿಸಿದ ಒಂದು ಲಕ್ಷ ಕಾರವಾರದ ತುಳಸಿದಾಸನ ಕೈಯಲ್ಲಿತ್ತು. ಎರಡು ತಿಂಗಳಿಂದ ಅವನ ಸುದ್ದಿಯೇ ಇರಲಿಲ್ಲ.

“ಶೇರಿಗೆ ಹಾಕಿ ತಿಂಗಳಿಗೆ ನೂರಕ್ಕೆ ಮೂರು ಕೊಡ್ತೆ ಅಂದಿದ್ರು. ಮೂರು ವರ್ಷ ಮನೆಗೇ ತಂದು ಕೊಟ್ರು. ಈಗ ಫೋನೂ ಹತ್ತೂದಿಲ್ರಾ.”

“ಬೇರೆ ಯಾರು ಕೊಟ್ಟಿದ್ದಾರೆ?” ಎಂದರು ಪಿಎಸ್‌ಐ ವಿನುತಾ.

“ನಮ್ಮನೆ ಸೇರಿ ಕೇರಿಯ ಐದು ಮನೆಯವ್ರು. ಮನೆಗೆ ಒಂದೊಂದು ಲಕ್ಷ.”

ಎಫ್‌ಐಆರ್ ಆಯಿತು. ವಿನುತಾ ಲೆಕ್ಕ ಹಾಕಿದರು. ತಿಂಗಳಿಗೆ ಮೂರೆಂದರೆ ವರ್ಷಕ್ಕೆ ಮೂವತ್ತಾರು. ಬ್ಯಾಂಕಿನ ಠೇವಣಿಗೆ ಏಳು ಸಿಕ್ಕರೆ ಪುಣ್ಯ. ಶೇರು ಏರುತ್ತದೆ, ಇಳಿಯುತ್ತದೆ. ಇವನ ಮೂರು ಮಾತ್ರ ಒಂದು ಪೈಸೆಯೂ ಅಲುಗಿರಲಿಲ್ಲ.

“ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಮೇಡಮ್. ಹೊಸಬರದ್ದು ತಕ್ಕಂಡು ಹಳಬರಿಗೆ ಕೊಟ್ಟಾನೆ,” ಎಂದ ಕಾನ್‌ಸ್ಟೆಬಲ್ ಹರೀಶ.

ವಿನುತಾ ಅವರಿಗೂ ಹಾಗೇ ಅನ್ನಿಸಿತ್ತು. ಆದರೆ ಐದು ಮನೆಯ ನಂತರ ಅವನು ಒಬ್ಬರನ್ನೂ ಸೇರಿಸಿಕೊಂಡಿರಲಿಲ್ಲ. ಬ್ಯಾಂಕಿನಿಂದ ವಿವರ ಬಂದಾಗ ಇಬ್ಬರೂ ಬೆಪ್ಪಾದರು. ಜನರ ಐದು ಲಕ್ಷ ಉಳಿತಾಯ ಖಾತೆಯಲ್ಲಿ ಹಾಗೇ ಇತ್ತು. ತಿಂಗಳಿಗೆ ಹದಿನೈದು ಸಾವಿರ ಹೋಗಿದ್ದು ಅವನ ಸ್ವಂತ ನಿವೃತ್ತಿ ಹಣದಿಂದ, ಅದೀಗ ಬರಿದಾಗಿತ್ತು. ಇಷ್ಟು ಶಿಸ್ತಾಗಿ ತನ್ನ ಮನೆಯನ್ನೇ ತಾನು ದೋಚಿಕೊಂಡವನನ್ನು ಅವರು ಕಂಡಿರಲಿಲ್ಲ.

ಗುರುವಾರ ಕಾರವಾರದ ಕೋಡಿಬಾಗದ ಬಾಡಿಗೆ ಕೋಣೆಯಲ್ಲಿ ಅವನು ಸಿಕ್ಕಿದ. ಕೈಗಾ ಅಣುಸ್ಥಾವರದ ಸಿಬ್ಬಂದಿಯ ಬಸ್ಸು ಓಡಿಸಿ ನಿವೃತ್ತನಾದವನು, ಹಿಂದೆ ಮುಂದೆ ಯಾರಿಲ್ಲ. ಕೋಣೆಯಲ್ಲಿದ್ದುದು ಒಂದೇ ಕುರ್ಚಿ. ಪಂಚನಾಮೆಗೆ ಪಂಚರಿಬ್ಬರೂ ನಿಂತೇ ಸಹಿ ಹಾಕಿದರು.

“ಶೇರಿಗೆ ಹಾಕಿದ್ರಾ?” ಎಂದು ವಿನುತಾ ಕೇಳಿದರು.

“ಇಲ್ಲ. ಜನರ ದುಡ್ಡು, ಮುಟ್ಟೂಕೆ ಹೆದರಿಕೆ.”

“ಮತ್ತೆ ಮೂರು ಯಾಕೆ ಹೇಳಿದ್ರಿ?”

“ಕಮ್ಮಿ ಹೇಳಿದ್ರೆ ಅವ್ರು ಬ್ಯಾಂಕಿಗೇ ಹೋಗ್ತಿದ್ರು.”

“ದುಡ್ಡು ಫೋನಿನಲ್ಲೇ ಹಾಕಬಹುದಿತ್ತಲ್ಲ? ಬಾಳೆಗುಳಿಯಲ್ಲಿ ಬಸ್ಸು ಬದಲಿಸಿ ರಾಮನಗುಳಿಯವರೆಗೆ ಯಾಕೆ ಹೋಗ್ತಿದ್ರಿ?”

ತುಳಸಿದಾಸ ತಲೆ ತಗ್ಗಿಸಿದ. “ಫೋನಲ್ಲಿ ಹಾಕಿದ್ರೆ ‘ಬನ್ನಿ, ಕೂತ್ಕೊಳ್ಳಿ’ ಅಂತ ಯಾರು ಹೇಳ್ತಾರೆ ಮೇಡಮ್? ತಿಂಗಳಲ್ಲಿ ಐದು ದಿವಸ, ಐದು ಮನೆ. ದುಡ್ಡು ಮುಗೀತು. ಬರಿಗೈಲಿ ಹೋಗೂಕೆ ಮುಖ ಬರಲಿಲ್ಲ.”

ಆದರೂ ಸುಳ್ಳು ಹೇಳಿ, ಪರವಾನಗಿಯಿಲ್ಲದೆ ಠೇವಣಿ ತೆಗೆದುಕೊಂಡದ್ದು ಅಪರಾಧವೇ. ಸಂಜೆ ನಾಲ್ಕಕ್ಕೆ ಬಂಧನವೆಂದು ದಾಖಲಾಯಿತು.

ಮರುದಿನ ಕಮಲಿಯನ್ನು ಕರೆಸಿದರು. “ನಿಮ್ಮ ಅಸಲು ಪೂರ್ತಿ ಇದೆ. ಕೋರ್ಟಿನ ಆದೇಶ ಬಂದ ಮೇಲೆ ಸಿಗುತ್ತದೆ.”

“ದೇವರು ದೊಡ್ಡವ. ಮತ್ತೆ ಅಷ್ಟು ಬಡ್ಡಿ ಎಲ್ಲಿಂದ ಕೊಟ್ರು?”

“ಅವರದೇ ದುಡ್ಡು.”

ಕಮಲಿ ಸೆರಗಿನಿಂದ ಮುಖ ಒರೆಸಿಕೊಂಡಳು.

“ಚಾ ಕುಡ್ದಾದ ಮೇಲೂ ಕೂತೇ ಇರ್ತಿದ್ರು. ಕೆಲಸ ಅದೆ ಅಂತ ನಾವೇ ಎಬ್ಬಿಸಿ ಕಳಿಸ್ತಿದ್ವು. ಒಂದು ದಿವಸನೂ ಊಟ ಮಾಡ್ಕಂಡು ಹೋಗಿ ಅನ್ಲಿಲ್ರಾ ನಾವು.”