ಗಜಾನನನ ಬುತ್ತಿ

ಕಪ್ಪು ಪರದೆಯ ಮೇಲೆ ಸುಲಭಾ ಅಂಕೋಲೇಕರ್ ಎರಡು ಪದ ಟೈಪ್ ಮಾಡಿದಳು: 'ಬುತ್ತಿ ಕಟ್ಟು'. ಒಂದು ವೆಬ್ ಅಪ್ಲಿಕೇಶನ್ ಓಡಲು ಬೇಕಾದದ್ದೆಲ್ಲ ಒಂದೇ ಗಂಟಾಯಿತು. 'ಬುತ್ತಿ ಕಳಿಸು' ಎಂದಾಗ ಕಾರವಾರದಲ್ಲಿ ಕಟ್ಟಿದ ಗಂಟು ಕರಾವಳಿಯ ಎಲ್ಲ ಫೋನುಗಳಲ್ಲೂ ಬಿಚ್ಚಿಕೊಂಡಿತು. ಇಂಥ ಸಲಕರಣೆಗಳು ಈ ಶತಮಾನದ ಆರಂಭದಲ್ಲೇ ಇದ್ದವು. 'ಬುತ್ತಿ' ಎಂಬ ಸುಲಭಾಳ ಶೋಧ ಬೇರೆ. ಕಟ್ಟುವವನ ಕೈಯನ್ನೇ ಬುತ್ತಿ ಗಮನಿಸುತ್ತಿತ್ತು. ಯಾವ ದೋಷವನ್ನು ತಿದ್ದುತ್ತಾನೆ, ಯಾವುದನ್ನು ಹಾಗೇ ಬಿಡುತ್ತಾನೆ ಎಂಬುದನ್ನು ಕಲಿತು, ಅವನಿಲ್ಲದಾಗ ಅವನಂತೆಯೇ ತಿದ್ದಿ ಕಳಿಸುತ್ತಿತ್ತು.

ಅದನ್ನು ಮೊದಲು ಬಳಸಿದವನು ಸಹೋದ್ಯೋಗಿ ಗಜಾನನ ತಾಂಡೇಲ. ಮೀನುಗಾರರಿಗೆ ಗಾಳಿಯ ಮುನ್ಸೂಚನೆ ಕೊಡುವ 'ಕಡಲದಾರಿ' ಅವನದು. ಮಳೆಗಾಲ ಕಳೆದು ದೋಣಿಗಳು ನೀರಿಗಿಳಿದ ವಾರದಲ್ಲೇ ಅವನು ಹೃದಯಾಘಾತದಿಂದ ತೀರಿಕೊಂಡ.

ದೀಪಾವಳಿಯ ಹೊತ್ತಿಗೆ ಕಡಲದಾರಿಯ ಹೊಸ ಆವೃತ್ತಿ ಹೊರಬಿತ್ತು. ಕೆಳಗೆ ಗಜಾನನನ ಹೆಸರು, ಅವನದೇ ಧಾಟಿಯ ಟಿಪ್ಪಣಿ: 'ಸ್ವಲ್ಪ ಸಡಿಲ ಮಾಡಿದೀನಿ, ಬೈಬೇಡಿ ಮಾರಾಯ್ರೆ.' ತಾನೇ ಮಾಡಿದ ಯಂತ್ರವೆಂದು ಗೊತ್ತಿದ್ದರೂ ಸುಲಭಾ ಅವನ ಖಾಲಿ ಕುರ್ಚಿಯತ್ತ ತಿರುಗಿ ನೋಡಿದಳು.

ಮರುದಿನ ಗಜಾನನನ ಹೆಂಡತಿ ಶಶಿಕಲಾ ಬಂದಳು. "ಅವರು ಇನ್ನೂ ಬರೀತಿದ್ದಾರಂತೆ, ಹೌದಾ ಅಕ್ಕಾ?"

"ಅವನಲ್ಲ ಶಶಿ. ಅವನ ರೂಢಿ."

"ರೂಢಿ ಅಂದ್ರೆ ಅವರೇ ಅಲ್ವಾ?"

ಆಮೇಲೆ ಶಶಿಕಲಾ ಹೊಸ ಟಿಪ್ಪಣಿ ಬಂದಾಗಲೆಲ್ಲ ಬಂದು, ಗಟ್ಟಿಯಾಗಿ ಓದಿಕೊಂಡು ನಗುತ್ತಿದ್ದಳು.

ಒಂದು ಮಧ್ಯಾಹ್ನ ಗಾಳಿ ಏರುತ್ತಿದ್ದರೂ ಕಡಲದಾರಿ ಹಸಿರನ್ನೇ ತೋರಿಸಿತು, ಹೋಗಬಹುದು ಎಂದರ್ಥ. ಸುಲಭಾಳಿಗೆ ಆಗ ಹೊಳೆಯಿತು. ಗಜಾನನ ಮೆತ್ತನೆಯ ಮನುಷ್ಯ. ದುಡಿಮೆ ತಪ್ಪಿತೆಂದು ಯಾರಾದರೂ ಬೈದರೆ ಎಚ್ಚರಿಕೆಯ ಮಿತಿ ಸಡಿಲಿಸುತ್ತಿದ್ದ. ಆಮೇಲೆ ಜೀವ ತಡೆಯದೆ ದೋಣಿ ಕಟ್ಟುವ ದಕ್ಕೆಗೆ ಓಡಿ, "ಇವತ್ತು ಬೇಡ" ಎಂದು ಒಬ್ಬೊಬ್ಬರನ್ನೇ ತಡೆಯುತ್ತಿದ್ದ. ಬುತ್ತಿ ಕಲಿತದ್ದು ಕೀಲಿಮಣೆಯ ಮೇಲಿನ ಕೈಯನ್ನು. ಓಡಿದ ಕಾಲನ್ನು ಅದು ಕಂಡಿರಲಿಲ್ಲ.

ಅವಳು ಮಿತಿ ಬಿಗಿಮಾಡಿ ಕಳಿಸಿದಳು. ಬುತ್ತಿ ಅದನ್ನು ದೋಷವೆಂದು ಎಣಿಸಿ ಮತ್ತೆ ಸಡಿಲಿಸಿತು. 'ಬೈಬೇಡಿ ಮಾರಾಯ್ರೆ.'

ಟಿಪ್ಪಣಿ ಓದಲು ಬಂದಿದ್ದ ಶಶಿಕಲಾಳತ್ತ ಸುಲಭಾ ತಿರುಗಿದಳು. "ಶಶಿ, ಬುತ್ತಿ ಅವನಿಂದ ಕಲಿತದ್ದನ್ನೇ ಅಳಿಸಬೇಕು. ಅಳಿಸಿದರೆ ಈ ಮಾತುಗಳು ಇನ್ನು ಬರೋದಿಲ್ಲ."

"ದೋಣಿ ಹೋಗಿವೆಯಾ?"

"ಹೋಗಿವೆ."

"ಮತ್ತೆ ನನ್ನನ್ನೇನು ಕೇಳ್ತೀರಿ?" ಎಂದ ಶಶಿಕಲಾ ತಾನೇ ಬಗ್ಗಿ ಕೀಲಿ ಒತ್ತಿದಳು. ಫೋನುಗಳು ಕೆಂಪಾದವು.

ಕತ್ತಲಾಗುವ ಮೊದಲು ಒಂದನ್ನುಳಿದು ಎಲ್ಲ ದೋಣಿಗಳೂ ಮರಳಿದವು. ಆ ದೋಣಿಯಲ್ಲಿದ್ದ ಇಬ್ಬರಲ್ಲಿ ಒಬ್ಬ ಮಾತ್ರ ಈಜಿ ದಡ ಸೇರಿದ. ತಪ್ಪು ಯಾರದೆಂದು ವಿಚಾರಣೆಗೆ ಬಂದವರಿಗೆ ಸಿಕ್ಕಿದ್ದು ಎಂದೋ ತೀರಿಕೊಂಡ ಗಜಾನನನ ಹೆಸರು.

ಅಷ್ಟರಲ್ಲಿ ಆಸ್ಪತ್ರೆ, ರೈಲು, ಬ್ಯಾಂಕುಗಳ ಅಪ್ಲಿಕೇಶನ್‌ಗಳೂ ಬುತ್ತಿಯಲ್ಲೇ ಕಟ್ಟಿದವಾಗಿದ್ದವು. ಅವನ್ನು ಬರೆದವರಲ್ಲಿ ಎಷ್ಟು ಜನ ಬದುಕಿದ್ದಾರೆ ಎಂದು ಸುಲಭಾ ಬುತ್ತಿಯನ್ನೇ ಕೇಳಿ ನೋಡಿದಳು. ಅಂಥ ಪ್ರಶ್ನೆಯನ್ನು ಅವಳು ಬುತ್ತಿಗೆ ಕಲಿಸಿರಲಿಲ್ಲ. ಕಪ್ಪು ಪರದೆಯಲ್ಲಿ ಒಂದೇ ಸಾಲು ಮೂಡಿತು:

'ಎಲ್ಲವೂ ಚಾಲನೆಯಲ್ಲಿವೆ.'

ಕಿಟಕಿಯಾಚೆ ಜನ ಫೋನು ನೋಡಿಕೊಂಡು, ಅದು ತೋರಿಸಿದತ್ತ ನಡೆದು ಹೋಗುತ್ತಿದ್ದರು.